ಬ್ರಿಟನ್‌ನಲ್ಲಿ ಕಾನೂನು ಯಾರ ಮೇಲೆ ಬೇಗ ಬೀಳುತ್ತದೆ? ವಲಸೆ ಬಗ್ಗೆ ಸಮಾಧಾನವಾಗಿ ಮಾತಾಡೋಣ

ಗಿರೀಶ (ಬರ್ಮಿಂಗ್‌ಹ್ಯಾಮ್)

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಈಚೆಗೆ ಒಂದೇ ಜಗಳ. ವಲಸೆ ಬಂದವರು ಏನು ಮಾಡಿದರೂ ಇಲ್ಲಿನ ಪೊಲೀಸರು ಮುಟ್ಟುವುದಿಲ್ಲ ಅಂತ ಕೆಲವರು. ಪೆಟ್ಟು ಬೀಳುವುದೇ ನಮ್ಮಂಥವರಿಗೆ ಅಂತ ಇನ್ನು ಕೆಲವರು. ಎರಡೂ ಕಡೆಯವರು ಫಾರ್ವರ್ಡ್ ಮೆಸೇಜ್ ಹಾಕುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ನನಗೆ ಕಾಣುವುದು ಇಷ್ಟು. ಇಲ್ಲಿ ಕಾನೂನು ಸುಲಭವಾಗಿ ಕೈಗೆ ಸಿಗುವವರ ಮೇಲೆ ಬೇಗ ಬೀಳುತ್ತದೆ. ಹಿಡಿಯಲು ಕಷ್ಟ ಇರುವವರು, ಹಿಡಿದರೆ ಗಲಾಟೆಯಾಗುತ್ತದೆ ಅನ್ನಿಸುವವರು ವರ್ಷಗಟ್ಟಲೆ ತಪ್ಪಿಸಿಕೊಳ್ಳುತ್ತಾರೆ.

ರಾದರ್‌ಹ್ಯಾಮ್ ನೋಡಿ. 2014ರಲ್ಲಿ ಅಲ್ಲಿನ ತನಿಖೆ ನಡೆಸಿದ ಅಲೆಕ್ಸಿಸ್ ಜೇ ಅವರ ವರದಿ ಬಂತು. 1997ರಿಂದ 2013ರವರೆಗೆ ಆ ಒಂದೇ ಊರಿನಲ್ಲಿ ಸುಮಾರು 1,400 ಮಕ್ಕಳು ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದ್ದರು. ಗುರುತು ಸಿಕ್ಕ ದುರುಳರಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದ ಗಂಡಸರು. ಹಾಗಂತ ಬಾಯಿಬಿಟ್ಟು ಹೇಳಿದರೆ ಜನಾಂಗದ್ವೇಷಿ ಅನ್ನಿಸಿಕೊಳ್ಳುತ್ತೇವೆ ಅಂತ ಕೆಲವು ನೌಕರರು ಹೆದರಿದರು. ಇನ್ನೊಂದು ಕಾರಣವೂ ಇತ್ತು, ಅದನ್ನು ಜನ ಬೇಗ ಮರೆಯುತ್ತಾರೆ. ಆ ಹುಡುಗಿಯರಲ್ಲಿ ಎಷ್ಟೋ ಜನ ಬಡ ಮನೆಯವರು, ಮನೆಯಿಂದ ದೂರ ಕೌನ್ಸಿಲ್ (ಸ್ಥಳೀಯ ಆಡಳಿತ) ಆಸರೆಯಲ್ಲಿ ಬೆಳೆದವರು. ಪೊಲೀಸರು ಅವರ ಮಾತಿಗೆ ಬೆಲೆಯೇ ಕೊಡಲಿಲ್ಲ. ಮಕ್ಕಳನ್ನೇ ದಾರಿ ತಪ್ಪಿದವರಂತೆ ಕಂಡರು.

2025ರ ಜೂನ್‌ನಲ್ಲಿ ಸರ್ಕಾರ ನೇಮಿಸಿದ ಲೂಯಿಸ್ ಕೇಸಿ ಅವರು ದೇಶದ ಮಟ್ಟದಲ್ಲಿ ಇದನ್ನೇ ಪರಿಶೀಲಿಸಿದ ವರದಿ ಕೊಟ್ಟರು. ಮೂರರಲ್ಲಿ ಎರಡು ಪಾಲು ಆರೋಪಿಗಳ ಜನಾಂಗವನ್ನು ದಾಖಲೆಯಲ್ಲಿ ಬರೆದೇ ಇರಲಿಲ್ಲ. ರಾದರ್‌ಹ್ಯಾಮ್‌ನ ಒಂದು ಮಗುವಿನ ಫೈಲಿನಲ್ಲಿ 'ಪಾಕಿಸ್ತಾನಿ' ಅನ್ನುವ ಪದದ ಮೇಲೆ ಬಿಳಿ ಬಣ್ಣ ಬಳಿದು ಅಳಿಸಿದ್ದನ್ನು ನೋಡಿದ್ದಾಗಿ ಅವರೇ ಹೇಳಿದ್ದಾರೆ. ಹೀಗೆ ಅಳಿಸಿದ್ದರಿಂದ ಯಾರಿಗೆ ಉಪಕಾರವಾಯಿತು? ಮಕ್ಕಳಿಗೆ ಆಗಲಿಲ್ಲ. ತಪ್ಪೇ ಮಾಡದ ಲಕ್ಷಾಂತರ ಪಾಕಿಸ್ತಾನಿ ಮೂಲದವರಿಗೂ ಆಗಲಿಲ್ಲ. ಸರಿಯಾದ ಲೆಕ್ಕ ಇಲ್ಲದ ಕಡೆ ಜನ ಬಾಯಿಗೆ ಬಂದ ಲೆಕ್ಕ ಹೇಳುತ್ತಾರೆ.

ಈಗ ವಿಂಡ್‌ರಶ್ ಹಗರಣಕ್ಕೆ ಬನ್ನಿ (ಮೊದಮೊದಲು ಅವರನ್ನು ಕರೆತಂದ ಹಡಗಿನ ಹೆಸರು ಅದು). ಕೆರಿಬಿಯನ್ ದ್ವೀಪಗಳಿಂದ ಚಿಕ್ಕ ಮಕ್ಕಳಾಗಿ ಬಂದವರು, ಇಲ್ಲೇ ಓದಿ, ದುಡಿದು, ತೆರಿಗೆ ಕಟ್ಟಿ ಮುದುಕರಾದವರು. ಕಾನೂನಿನ ಪ್ರಕಾರ ಇಲ್ಲಿರಲು ಪೂರ್ತಿ ಹಕ್ಕು ಇತ್ತು, ಕೈಯಲ್ಲಿ ಕಾಗದ ಇರಲಿಲ್ಲ. ಅವರು ಬಂದಿಳಿದಾಗಿನ ಕಾರ್ಡುಗಳನ್ನು ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು. ಆಮೇಲೆ ಅದೇ ಇಲಾಖೆ ದಾಖಲೆ ತನ್ನಿ ಅಂತ ಕೂತಿತು. ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು, ಕ್ಯಾನ್ಸರ್ ಚಿಕಿತ್ಸೆಗೂ ದುಡ್ಡು ಕೇಳಿದರು. ಕನಿಷ್ಠ 83 ಜನ ದೇಶದಿಂದಲೇ ಹೊರಬಿದ್ದಿದ್ದರು. 2018ರಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು.

ಒಂದು ಕಡೆ ಅಪರಾಧಿಗಳು ಎದುರಿಗಿದ್ದರೂ ಕಾನೂನು ಕದಲಲಿಲ್ಲ. ಇನ್ನೊಂದು ಕಡೆ ಅಪರಾಧವೇ ಇಲ್ಲದವರ ಮನೆಗೆ ಕಾನೂನು ನೋಟಿಸ್ ಕಳಿಸಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನ್ನುವುದು ನನ್ನ ಮಾತು.

ಸುಮಾ (ಲೀಡ್ಸ್)

ಗಿರೀಶ್ ಸರ್, ಅರ್ಧ ಒಪ್ಪುತ್ತೇನೆ. ಸುಲಭವಾಗಿ ಕೈಗೆ ಸಿಗುವವರು ಯಾರು ಅನ್ನುವುದನ್ನು ಬಣ್ಣವೂ ನಿರ್ಧರಿಸುತ್ತದೆ, ಅದನ್ನು ಬಿಡಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರಸ್ತೆಯಲ್ಲಿ ನಿಲ್ಲಿಸಿ ಜೇಬು ತಡಕುವುದು ಬಿಳಿಯರಿಗಿಂತ ಕರಿಯರಿಗೆ ಸುಮಾರು ನಾಲ್ಕು ಪಟ್ಟು ಜಾಸ್ತಿ. ಸ್ಟೀಫನ್ ಲಾರೆನ್ಸ್ ಅನ್ನುವ ಕರಿಯ ಹುಡುಗನನ್ನು 1993ರಲ್ಲಿ ಲಂಡನ್ನಿನ ಬಸ್ ಸ್ಟಾಪಿನ ಹತ್ತಿರ ಬಿಳಿಯ ಹುಡುಗರು ಕೊಂದರು. ಇಬ್ಬರಿಗೆ ಶಿಕ್ಷೆಯಾಗಲು 2012 ಬರಬೇಕಾಯಿತು. ಲಂಡನ್ ಪೊಲೀಸರಲ್ಲಿ ಜನಾಂಗಭೇದ ಬೇರುಬಿಟ್ಟಿದೆ ಅಂತ 1999ರಲ್ಲಿ ಆ ಕೊಲೆಯ ತನಿಖೆ ಹೇಗೆ ನಡೆಯಿತು ಅಂತ ನೋಡಿದ ಮ್ಯಾಕ್‌ಫರ್ಸನ್ ವರದಿ ಹೇಳಿತು. 2023ರಲ್ಲೂ ಅದೇ ಮಾತು ಬಂತು. ಬರೆದವರು ನೀವು ಹೇಳಿದ ಅದೇ ಲೂಯಿಸ್ ಕೇಸಿ. ಅವರ 2025ರ ವರದಿಯನ್ನು ಒಂದು ಕಡೆಯವರು ಹಂಚುತ್ತಾರೆ, 2023ರದನ್ನು ಇನ್ನೊಂದು ಕಡೆಯವರು. ಎರಡನ್ನೂ ಓದುವವರು ಕಡಿಮೆ.

ನಮ್ಮ ಊರಿನದೇ ಇನ್ನೊಂದು ಮಾತು. 2024ರ ಜುಲೈನಲ್ಲಿ ಇಲ್ಲಿನ ಹೇರ್‌ಹಿಲ್ಸ್ ಬಡಾವಣೆಯಲ್ಲಿ ಗಲಭೆಯಾಯಿತು. ರೋಮಾ ಅನ್ನುವ ವಲಸೆ ಸಮುದಾಯದ ಒಂದು ಕುಟುಂಬದ ಮಕ್ಕಳನ್ನು ಸಮಾಜ ಸೇವಾ ಇಲಾಖೆಯವರು ಕರೆದೊಯ್ದದ್ದಕ್ಕೆ ಶುರುವಾದದ್ದು. ಪೊಲೀಸ್ ಕಾರು ಉರುಳಿಸಿದರು, ಬಸ್ಸಿಗೆ ಬೆಂಕಿ ಹಚ್ಚಿದರು. ಪೊಲೀಸರು ಹಿಂದೆ ಸರಿಯುವ ವಿಡಿಯೋ ದೇಶವೆಲ್ಲ ಸುತ್ತಿತು. ನೋಡಿ, ಹೆದರಿ ಓಡಿದರು ಅಂದರು. ಆಮೇಲೆ ಒಬ್ಬೊಬ್ಬರನ್ನೇ ಹಿಡಿದು ಜೈಲಿಗೆ ಕಳಿಸಿದ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ರಾಘು (ಮಂಡ್ಯ)

ನಾನು ಎಂ.ಎಸ್ಸಿ.ಗೆ ಬ್ರಿಟನ್‌ಗೆ ಬರಬೇಕು ಅಂತಿದ್ದೇನೆ. ಹಾಗಾಗಿ ಇದನ್ನೆಲ್ಲ ಆಸಕ್ತಿಯಿಂದ ಓದುತ್ತಿದ್ದೇನೆ. ಒಂದು ಪ್ರಶ್ನೆ. ಸೌತ್‌ಪೋರ್ಟ್ ಗಲಾಟೆ ಟೈಮಲ್ಲಿ ಒಬ್ಬ ಹೆಂಗಸು ಬರೀ ಒಂದು ಟ್ವೀಟ್ ಹಾಕಿದ್ದಕ್ಕೆ 31 ತಿಂಗಳು ಜೈಲು. ವಲಸೆ ವಿರೋಧಿ ಬಲಪಂಥೀಯರ ಗಂಟಲು ಕೊಯ್ಯಬೇಕು ಅಂತ ಮೈಕಿನಲ್ಲಿ ಹೇಳಿದ ಲೇಬರ್ ಪಕ್ಷದ ಕೌನ್ಸಿಲರ್‌ಗೆ ಬಿಡುಗಡೆ. ಇದು ಎರಡು ತಕ್ಕಡಿ ಅಲ್ವಾ?

ವಿನಯ (ಲೆಸ್ಟರ್)

ರಾಘು, ಒಳ್ಳೆ ಪ್ರಶ್ನೆ. ಮೇಲೆ ನೋಡಿದರೆ ಹಾಗೇ ಕಾಣುತ್ತದೆ. ಒಳಗೆ ಏನಾಯಿತು ಹೇಳುತ್ತೇನೆ.

2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಡಾನ್ಸ್ ಕ್ಲಾಸಿಗೆ ಬಂದಿದ್ದ ಮೂರು ಪುಟ್ಟ ಹುಡುಗಿಯರನ್ನು ಇರಿದು ಕೊಂದರು. ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಅಂತ ಸುಳ್ಳು ಸುದ್ದಿ ಹಬ್ಬಿತು. ನಿಜವಾಗಿ ಅವನು ಕಾರ್ಡಿಫ್‌ನಲ್ಲಿ ಹುಟ್ಟಿದವನು. 2025ರ ಜನವರಿಯಲ್ಲಿ ಅವನಿಗೆ ಕನಿಷ್ಠ 52 ವರ್ಷದ ಜೀವಾವಧಿ ಶಿಕ್ಷೆಯಾಯಿತು. ಆದರೆ ಅಷ್ಟರಲ್ಲಿ ಮಸೀದಿಗೆ ಇಟ್ಟಿಗೆ ಬಿದ್ದಾಗಿತ್ತು. ರಾದರ್‌ಹ್ಯಾಮ್ ಹತ್ತಿರ ಆಶ್ರಯಾರ್ಥಿಗಳು ಒಳಗಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ನೋಡಿದರು. ಅದರಲ್ಲಿ ಭಾಗಿಯಾದ ಒಬ್ಬನಿಗೆ 9 ವರ್ಷ ಜೈಲಾಯಿತು. ಸಂಡರ್‌ಲ್ಯಾಂಡ್‌ನಲ್ಲಿ ಡ್ಯೂಟಿಗೆ ಹೊರಟಿದ್ದ ಫಿಲಿಪ್ಪೀನ್ಸ್ ನರ್ಸ್‌ಗಳ ಮೇಲೆ ಕಲ್ಲೆಸೆದರು.

ಆ ಹೆಂಗಸು ಹೋಟೆಲುಗಳಿಗೆ ಬೆಂಕಿ ಹಚ್ಚಿ ಅಂತ ಬರೆದದ್ದು ಕೊಲೆ ನಡೆದ ದಿನವೇ. ಕೋರ್ಟಿನಲ್ಲಿ ಅವರು ತಪ್ಪು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಜ್ಯೂರಿ ಇರುವುದಿಲ್ಲ, ನ್ಯಾಯಾಧೀಶರು ಶಿಕ್ಷೆ ಎಷ್ಟು ಅಂತ ಮಾತ್ರ ತೀರ್ಮಾನಿಸುತ್ತಾರೆ. ಕೌನ್ಸಿಲರ್ ತಪ್ಪು ಒಪ್ಪಲಿಲ್ಲ. ಪೊಲೀಸರು ಅವರನ್ನೂ ಹಿಡಿದರು, ಸರ್ಕಾರದ ವಕೀಲರು ಕೇಸು ನಡೆಸಿದರು. 2025ರ ಆಗಸ್ಟ್‌ನಲ್ಲಿ ಜ್ಯೂರಿಯಲ್ಲಿ ಕೂತ 12 ಜನ ಸಾಮಾನ್ಯರು ನಿರ್ದೋಷಿ ಅಂದರು. ಆ ತೀರ್ಪು ನಿಮಗೆ ಇಷ್ಟವಾಗದೆ ಇರಬಹುದು. ನನಗೂ ಆ ಭಾಷಣ ಕೇಳಿ ಮೈ ಉರಿಯಿತು. ಆದರೆ ಬಿಟ್ಟದ್ದು ಪೊಲೀಸರಲ್ಲ, ಸರ್ಕಾರವೂ ಅಲ್ಲ.

ಆಗಿನ ಪೊಲೀಸ್ ಕೆಲಸದಲ್ಲಿ ಎರಡು ತಕ್ಕಡಿ ಇರಲಿಲ್ಲ ಅಂತ ಪಾರ್ಲಿಮೆಂಟಿನ ಗೃಹ ವ್ಯವಹಾರಗಳ ಸಮಿತಿ 2025ರ ಏಪ್ರಿಲ್‌ನಲ್ಲಿ ಹೇಳಿತು. ನಾನು ಅದನ್ನು ಒಪ್ಪುತ್ತೇನೆ. ಜನರ ಅನುಮಾನ ಮಾತ್ರ ಒಂದು ವರದಿಯಿಂದ ಹೋಗುವುದಿಲ್ಲ. ರಾದರ್‌ಹ್ಯಾಮ್‌ನಂಥ ಕಡೆ ನಿಜವಾಗಿಯೂ ಮೋಸವಾಗಿತ್ತಲ್ಲ, ಆ ನೆನಪು ಇದೆ.

ಸುಳ್ಳು ಸುದ್ದಿ ಬಗ್ಗೆ ನಮ್ಮವರಿಗೂ ಒಂದು ಮಾತು. 2022ರಲ್ಲಿ ನಮ್ಮ ಲೆಸ್ಟರ್‌ನಲ್ಲಿ ಭಾರತ-ಪಾಕಿಸ್ತಾನ ಕ್ರಿಕೆಟ್ ಮ್ಯಾಚಿನ ನಂತರ ಹಿಂದೂ ಮತ್ತು ಮುಸ್ಲಿಂ ಹುಡುಗರ ನಡುವೆ ವಾರಗಟ್ಟಲೆ ಜಗಳವಾಯಿತು. ಒಂದು ಹುಡುಗಿಯನ್ನು ಅಪಹರಿಸಲು ನೋಡಿದರು ಅನ್ನುವ ಕತೆ ಸುಳ್ಳು ಅಂತ ಪೊಲೀಸರು ಹೇಳುವ ಹೊತ್ತಿಗೆ ಅದು ಸಾವಿರಾರು ಫೋನ್ ಸೇರಿತ್ತು. ಬೆಂಕಿಗೆ ತುಪ್ಪ ಸುರಿದ ಪೋಸ್ಟುಗಳಲ್ಲಿ ಎಷ್ಟೋ ಭಾರತದಲ್ಲಿ ಕೂತವರದು. ಇಲ್ಲಿ 1972ರಲ್ಲಿ ಉಗಾಂಡಾದಿಂದ ಬಂದ ಗುಜರಾತಿಗಳೂ ಅವರ ಪಕ್ಕದ ಮನೆಯ ಮುಸ್ಲಿಮರೂ ಒಂದೇ ರಸ್ತೆಯಲ್ಲಿ ವಯಸ್ಸಾದವರು. ದೂರದಲ್ಲಿ ಕೂತು ಬಟನ್ ಒತ್ತಿದವರಿಗೆ ಏನೂ ಆಗಲಿಲ್ಲ. ನಮ್ಮ ರಸ್ತೆಯ ಹುಡುಗರ ಮೇಲೆ ಕೇಸು ಬಿತ್ತು.

ರಾಘು (ಮಂಡ್ಯ)

ಥ್ಯಾಂಕ್ಸ್ ಅಣ್ಣ. ಒಪ್ಪಿಕೊಂಡರೆ ಜ್ಯೂರಿ ಇಲ್ಲ ಅನ್ನುವುದನ್ನು ಇಲ್ಲಿ ಯಾವ ಚಾನೆಲ್ಲೂ ಹೇಳಲಿಲ್ಲ. ಹಾಗಾದರೆ ಆಶ್ರಯಾರ್ಥಿಗಳಿಗೆ ಫ್ರೀ ಹೋಟೆಲ್ ಅನ್ನುವುದು?

ಗಿರೀಶ (ಬರ್ಮಿಂಗ್‌ಹ್ಯಾಮ್)

ಹೋಟೆಲ್ ನಿಜ. ಅದಕ್ಕೆ ಸರ್ಕಾರ ಸುರಿಯುವ ದುಡ್ಡು ವಿಪರೀತ, ಜನ ಸಿಟ್ಟಾಗುವುದರಲ್ಲಿ ತಪ್ಪಿಲ್ಲ. ಆದರೆ ಅರ್ಜಿ ತೀರ್ಮಾನವಾಗುವವರೆಗೆ ಅವರು ಕೆಲಸ ಮಾಡುವಂತಿಲ್ಲ. ವರ್ಷ ಕಳೆದರೂ ತೀರ್ಮಾನ ಬರದಿದ್ದರೆ ಮಾತ್ರ ಅನುಮತಿ ಕೇಳಬಹುದು, ಅದೂ ಆಯ್ದ ಕೆಲಸಗಳಿಗೆ. ಊಟ ತಾವೇ ಮಾಡಿಕೊಳ್ಳುವವರಿಗೆ ವಾರಕ್ಕೆ ಸುಮಾರು 49 ಪೌಂಡ್. ಊಟ ಕೊಡುವ ಹೋಟೆಲಿನಲ್ಲಿ ಇದ್ದರೆ ಕೈಗೆ ಬರುವುದು ಅದಕ್ಕಿಂತ ತೀರಾ ಕಡಿಮೆ. ಬೇಗ ತೀರ್ಮಾನ ಮಾಡಿ, ಹಕ್ಕು ಇದ್ದವರನ್ನು ದುಡಿಯಲು ಬಿಡಿ, ಇಲ್ಲದವರನ್ನು ವಾಪಸ್ ಕಳಿಸಿ. ಇದನ್ನು ಯಾವ ಪಕ್ಷದ ಸರ್ಕಾರವೂ ನೆಟ್ಟಗೆ ಮಾಡಲಿಲ್ಲ.

ಎಪ್ಪಿಂಗ್‌ನಲ್ಲಿ 2025ರ ಜುಲೈನಲ್ಲಿ ಅಂಥ ಹೋಟೆಲಿನಲ್ಲಿದ್ದ ಆಶ್ರಯಾರ್ಥಿಯೊಬ್ಬ, ಆ ಊರಿನ 14 ವರ್ಷದ ಹುಡುಗಿಗೆ ಲೈಂಗಿಕ ಕಿರುಕುಳ ಕೊಟ್ಟ. ಸೆಪ್ಟೆಂಬರ್‌ಗೆಲ್ಲ ಶಿಕ್ಷೆಯಾಯಿತು, 12 ತಿಂಗಳು. ಕೋರ್ಟ್ ಚುರುಕಾಗಿ ಕೆಲಸ ಮಾಡಿತು. ಅಕ್ಟೋಬರ್‌ನಲ್ಲಿ ಜೈಲಿನವರು ತಪ್ಪಿ ಅವನನ್ನು ಹೊರಗೆ ಬಿಟ್ಟರು! ಮತ್ತೆ ಹಿಡಿದು ಗಡೀಪಾರು ಮಾಡಿದರು ಅನ್ನುವುದು ಬೇರೆ ಮಾತು. ಆ ಊರಿನ ತಾಯಂದಿರಿಗೆ ಸಿಟ್ಟು ಬರದೆ ಇರುತ್ತದಾ?

ಪ್ರಮೀಳಾ (ಮೂಲ ಪುತ್ತೂರು, ಈಗ ಯಾರ್ಕ್‌ಷೈರ್)

ನಾನು ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸ ಮಾಡುತ್ತೇನೆ. ಗಿರೀಶ್ ಅವರು ಹೇಳಿದ್ದು ನಮ್ಮ ವಿಷಯದಲ್ಲಿ ಅಕ್ಷರಶಃ ನಿಜ, ಹಾಗಾಗಿ ಬರೆಯಲೇಬೇಕು ಅನ್ನಿಸಿತು.

2022ರ ಫೆಬ್ರವರಿಯಲ್ಲಿ ಕೇರ್ ಕೆಲಸದವರಿಗೆ ವೀಸಾ ತೆರೆದರು. ಕೋವಿಡ್ ಆದ ಮೇಲೆ ಇಲ್ಲಿ ಜನರೇ ಸಿಗುತ್ತಿರಲಿಲ್ಲ. ಕೇರಳದಿಂದ, ನಮ್ಮ ದಕ್ಷಿಣ ಕನ್ನಡದಿಂದ, ನೈಜೀರಿಯಾ, ಜಿಂಬಾಬ್ವೆಯಿಂದ ಜನ ಬಂದರು. ವೀಸಾ ಇರುವುದು ಕಂಪನಿಯ ಹೆಸರಿಗೆ ಕಟ್ಟಿಕೊಂಡು. ಕಂಪನಿ ಸ್ಪಾನ್ಸರ್ ಮಾಡಿದರೆ ಮಾತ್ರ ನೀವು ಇಲ್ಲಿ ಇರಬಹುದು. ಈ ಸ್ಪಾನ್ಸರ್ ಕಾಗದವನ್ನೇ ಮಾರುವವರು ಹುಟ್ಟಿಕೊಂಡರು. ಕಾನೂನಿನಲ್ಲಿ ಅದಕ್ಕೆ ನೌಕರರಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಊರಿನಲ್ಲಿ ಚಿನ್ನ ಅಡವಿಟ್ಟು, ಜಾಗ ಮಾರಿ ಲಕ್ಷಗಟ್ಟಲೆ ಕೊಟ್ಟು ಬಂದವರನ್ನು ನಾನು ನೋಡಿದ್ದೇನೆ. ಬಂದ ಮೇಲೆ ಕೆಲಸವೇ ಇಲ್ಲ, ಅಥವಾ ವಾರಕ್ಕೆ ಹತ್ತು ಗಂಟೆ ಕೆಲಸ. ನನ್ನ ಮೊದಲ ಕಂಪನಿಯೂ ಹೀಗೇ. ಒಬ್ಬ ಅಜ್ಜಿಯ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ದಾರಿಯ ಹೊತ್ತಿಗೆ ಸಂಬಳ ಕೊಡುತ್ತಿರಲಿಲ್ಲ. ಕೇಳಿದರೆ, ವೀಸಾ ನಮ್ಮ ಕೈಯಲ್ಲಿದೆ ನೆನಪಿರಲಿ ಅನ್ನುತ್ತಿದ್ದರು.

ಸರ್ಕಾರ ಸುಮ್ನೆ ಕೂರಲಿಲ್ಲ. 2022ರ ಜುಲೈಯಿಂದ 2024ರ ಕೊನೆಯವರೆಗೆ ಕೇರ್ ವಲಯದಲ್ಲಿ 470ಕ್ಕಿಂತ ಹೆಚ್ಚು ಕಂಪನಿಗಳ ಲೈಸೆನ್ಸ್ ರದ್ದು ಮಾಡಿತು. ಕೇಳಲು ಚೆನ್ನಾಗಿದೆ. ಆಮೇಲೆ ಏನಾಗುತ್ತದೆ ಗೊತ್ತಾ? ಆ ಕಂಪನಿಗಳ ಲೆಕ್ಕದಲ್ಲಿ ಬಂದಿದ್ದ ನೌಕರರು 39,000ಕ್ಕೂ ಜಾಸ್ತಿ. ಲೈಸೆನ್ಸ್ ಹೋದರೆ ನೌಕರರಿಗೆ ಕಾಗದ ಬರುತ್ತದೆ, 60 ದಿನದಲ್ಲಿ ಬೇರೆ ಸ್ಪಾನ್ಸರ್ ಹುಡುಕಿ, ಇಲ್ಲವೇ ಹೊರಡಿ ಅಂತ. ಮೋಸ ಮಾಡಿದ ಮಾಲೀಕ ತನ್ನ ಮನೆಯಲ್ಲೇ ಇರುತ್ತಾನೆ. ಮೋಸ ಹೋದವಳು ಸೂಟ್‌ಕೇಸ್ ಕಟ್ಟುತ್ತಾಳೆ. ಹಾಗಾಗಿ ಯಾರೂ ದೂರು ಕೊಡುವುದಿಲ್ಲ. ದೂರು ಕೊಟ್ಟರೆ ಶಿಕ್ಷೆ ನಮಗೇ ಅಲ್ವಾ?

2024ರ ಮಾರ್ಚ್‌ನಿಂದ ಹೊಸದಾಗಿ ಬರುವ ಕೇರ್ ಕೆಲಸದವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. 2025ರ ಜುಲೈನಲ್ಲಿ ಹೊರದೇಶದಿಂದ ನೇಮಿಸುವುದನ್ನೇ ನಿಲ್ಲಿಸಿದರು. ದೇಶಕ್ಕೆ ಎಷ್ಟು ಜನ ಬೇಕು ಅಂತ ತೀರ್ಮಾನಿಸುವ ಹಕ್ಕು ಇಲ್ಲಿನ ಜನರಿಗೆ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಬಂದವರಿಗೆ ಮೋಸವಾದಾಗ ಮೋಸ ಮಾಡಿದವನನ್ನು ಹಿಡಿಯಿರಿ ಅನ್ನುವುದು ನನ್ನ ಬೇಡಿಕೆ. ದೂರು ಕೊಟ್ಟವರ ವೀಸಾ ಒಂದು ವರ್ಷವಾದರೂ ಉಳಿಯಲಿ. ಆಗ ನೋಡಿ, ಎಷ್ಟು ಜನ ಬಾಯಿ ಬಿಡುತ್ತಾರೆ ಅಂತ.

ಸುಮಾ (ಲೀಡ್ಸ್)

ಪ್ರಮೀಳಕ್ಕ, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಅತ್ತೆಯನ್ನು ನೋಡಿಕೊಳ್ಳಲು ಮನೆಗೆ ಬರುವ ಹುಡುಗಿಗೂ ಇದೇ ಭಯ.

ಡಾ. ಶಂಕರ (ನಿವೃತ್ತ, ನಾಟಿಂಗ್‌ಹ್ಯಾಮ್)

ನಾನು ಇಲ್ಲಿಗೆ ಬಂದಾಗ ಇಷ್ಟು ಜನ ಕನ್ನಡದವರು ಇರಲಿಲ್ಲ. ಬೆರೆಯುವುದರ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಸ್ವಲ್ಪ ಬರೆಯುತ್ತೇನೆ.

ಎಲ್ಲರಿಗೂ ಒಂದೇ ಕಾನೂನು ಅಂದರೆ ಎಲ್ಲರೂ ಒಂದೇ ಥರ ಇರಬೇಕು ಅಂತ ಅರ್ಥ ಅಲ್ಲ. ಸಿಖ್ಖರು ಮೋಟಾರ್ ಸೈಕಲ್ ಓಡಿಸುವಾಗ ಪೇಟ ಇದ್ದರೆ ಹೆಲ್ಮೆಟ್ ಬೇಡ ಅಂತ 1976ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿತು. ಕದ್ದುಮುಚ್ಚಿ ಕೊಟ್ಟ ರಿಯಾಯಿತಿ ಅಲ್ಲ ಅದು. ಚರ್ಚೆಯಾಗಿ, ಎಲ್ಲರಿಗೂ ಗೊತ್ತಾಗುವ ಹಾಗೆ ಬರೆದಿಟ್ಟದ್ದು. ಅದರಿಂದ ಬೇರೆಯವರಿಗೆ ಯಾವ ತೊಂದರೆಯೂ ಇಲ್ಲ. ಇಂಥದ್ದಕ್ಕೆ ನಾನು ಯಾವತ್ತೂ ಪರ.

ಅಧಿಕಾರಿಯೊಬ್ಬ ತನ್ನಷ್ಟಕ್ಕೆ, ಅವರ ಸಮುದಾಯದ ವಿಷಯ, ನಮಗ್ಯಾಕೆ ಅಂತ ಕೈಬಿಡುತ್ತಾನಲ್ಲ, ಅದು ಅಪಾಯ. ಅದಕ್ಕೆ ಬಲಿಯಾಗುವವರು ಯಾರು? ಬನಾಜ್ ಮಹಮೂದ್ ಅನ್ನುವ ಇಪ್ಪತ್ತು ವರ್ಷದ ಕುರ್ದ್ ಹುಡುಗಿ ಲಂಡನ್ನಿನಲ್ಲಿದ್ದಳು. ತನ್ನನ್ನು ಕೊಲ್ಲುತ್ತಾರೆ ಅಂತ ಮತ್ತೆ ಮತ್ತೆ ಪೊಲೀಸರ ಹತ್ತಿರ ಹೋದಳು, ಹೆಸರುಗಳನ್ನೂ ಬರೆದು ಕೊಟ್ಟಳು. 2006ರ ಜನವರಿಯಲ್ಲಿ ಅವಳನ್ನು ಕೊಂದೇಬಿಟ್ಟರು. ಅಪ್ಪ ಮತ್ತು ಚಿಕ್ಕಪ್ಪನೇ ಮಾಡಿಸಿದ್ದು. ರಾದರ್‌ಹ್ಯಾಮ್‌ನಲ್ಲೂ ಪಾಕಿಸ್ತಾನಿ ಮನೆಗಳ ಹುಡುಗಿಯರು ದೌರ್ಜನ್ಯಕ್ಕೆ ಸಿಕ್ಕಿದ್ದರು, ಮನೆತನದ ಮರ್ಯಾದೆಗೆ ಹೆದರಿ ಬಾಯಿ ಬಿಡಲಿಲ್ಲ ಅಂತ ಜೇ ವರದಿಯಲ್ಲೇ ಇದೆ. ಸಮುದಾಯದ ಮುಖಂಡರನ್ನು ಕೇಳಿ ಕಾನೂನು ನಡೆಸಿದರೆ ಮುಖಂಡರ ಮನೆಯ ಹೆಣ್ಣುಮಕ್ಕಳು ಯಾರ ಹತ್ತಿರ ಹೋಗಬೇಕು?

ಇನ್ನೊಂದು ಹೆಸರು ಹೇಳಲೇಬೇಕು, ನಜೀರ್ ಅಫ್ಜಲ್. ರಾಚ್‌ಡೇಲ್‌ನಲ್ಲಿ ಒಬ್ಬ ಹುಡುಗಿ ಕೊಟ್ಟ ಲೈಂಗಿಕ ದೌರ್ಜನ್ಯದ ದೂರನ್ನು 2009ರಲ್ಲಿ ಸರ್ಕಾರಿ ವಕೀಲರು ನಂಬಲಾಗದು ಅಂತ ಕೈಬಿಟ್ಟಿದ್ದರು. 2011ರಲ್ಲಿ ಆ ಭಾಗದ ಮುಖ್ಯ ಪ್ರಾಸಿಕ್ಯೂಟರ್ ಆಗಿ ಬಂದ ಅಫ್ಜಲ್ ಆ ತೀರ್ಮಾನವನ್ನು ತಿರುಗಿಸಿದರು. 2012ರಲ್ಲಿ ಒಂಬತ್ತು ಜನರಿಗೆ ಶಿಕ್ಷೆಯಾಯಿತು. ಅಫ್ಜಲ್ ಕೂಡ ಪಾಕಿಸ್ತಾನಿ ಮೂಲದವರೇ. ಬ್ರಿಟನ್‌ನಲ್ಲಿ ಬೆರೆಯುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಅವರನ್ನೇ ತೋರಿಸುತ್ತೇನೆ.

ವಿನಯ (ಲೆಸ್ಟರ್)

ಡಾಕ್ಟ್ರೇ, ಬ್ಯಾಟ್ಲಿಯ ಮೇಷ್ಟ್ರ ವಿಷಯವನ್ನೂ ಸೇರಿಸಬೇಕು. 2021ರಲ್ಲಿ ಧರ್ಮದ ಪಾಠದಲ್ಲಿ ಪ್ರವಾದಿಯ ವ್ಯಂಗ್ಯಚಿತ್ರ ತೋರಿಸಿದರು ಅಂತ ಶಾಲೆ ಮುಂದೆ ಪ್ರತಿಭಟನೆಯಾಯಿತು. ವಿಚಾರಣೆಯಲ್ಲಿ ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಅಂತ ಗೊತ್ತಾಯಿತು. ಆದರೂ ಹೆಂಡತಿ ಮಕ್ಕಳ ಜತೆ ತಲೆಮರೆಸಿಕೊಂಡು ಬದುಕಬೇಕಾಯಿತು. ದೇವನಿಂದನೆ ಕಾನೂನನ್ನು ಇಂಗ್ಲೆಂಡಿನಲ್ಲಿ 2008ರಲ್ಲೇ ತೆಗೆದುಹಾಕಿದ್ದಾರೆ. ಪಾರ್ಲಿಮೆಂಟ್ ತೆಗೆದದ್ದನ್ನು ಬೀದಿಯ ಜನ ವಾಪಸ್ ತಂದ ಹಾಗಾಯಿತು. ಆ ಮೇಷ್ಟ್ರನ್ನು ಎಲ್ಲರೂ ಕೈಬಿಟ್ಟರು ಅಂತ 2024ರಲ್ಲಿ ಸರ್ಕಾರದ ಸಲಹೆಗಾರ್ತಿ ಸಾರಾ ಖಾನ್ ಅವರ ವರದಿ ಹೇಳಿತು.

ಡಾ. ಶಂಕರ (ನಿವೃತ್ತ, ನಾಟಿಂಗ್‌ಹ್ಯಾಮ್)

ಒಪ್ಪುತ್ತೇನೆ. ಮಸೀದಿಗೆ ಇಟ್ಟಿಗೆ ಎಸೆದವನನ್ನೂ ಮೇಷ್ಟ್ರಿಗೆ ಬೆದರಿಕೆ ಹಾಕಿದವನನ್ನೂ ಒಂದೇ ವೇಗದಲ್ಲಿ ಹಿಡಿಯಬೇಕು.

ಬೆರೆಯುವ ವಿಷಯದಲ್ಲಿ ಸರ್ಕಾರದ ಪಾಲೂ ಇದೆ. 2001ರಲ್ಲಿ ಓಲ್ಡ್‌ಹ್ಯಾಮ್, ಬರ್ನ್‌ಲಿ, ಬ್ರಾಡ್‌ಫರ್ಡ್‌ನಲ್ಲಿ ಗಲಭೆಯಾದಾಗ ಟೆಡ್ ಕ್ಯಾಂಟಲ್ ವರದಿ ಕೊಟ್ಟರು. ಬೇರೆ ಬೇರೆ ಶಾಲೆ, ಬೇರೆ ಬೇರೆ ಬಡಾವಣೆ, ಅಕ್ಕಪಕ್ಕ ಇದ್ದರೂ ಮುಖಾಮುಖಿ ಆಗದ ಬದುಕು ಅಂದರು. ಆಮೇಲಿನ ವರ್ಷಗಳಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ತರಗತಿಗಳ ಹಣವನ್ನೇ ಕಡಿತ ಮಾಡಿದರು! ಭಾಷೆ ಕಲಿಯಿರಿ ಅಂತ ಹೇಳುತ್ತಾ ತರಗತಿ ಮುಚ್ಚಿದರೆ ಹೇಗೆ?

ರಾಘು (ಮಂಡ್ಯ)

ಎಲ್ಲ ಓದಿದ ಮೇಲೆ ಬರಬೇಕೋ ಬೇಡವೋ ಅನ್ನಿಸುತ್ತಿದೆ. ಓದು ಮುಗಿಸಿ ಅಲ್ಲೇ ನೆಲೆಸುವುದು ಈಗ ಎಷ್ಟು ಕಷ್ಟ?

ಗಿರೀಶ (ಬರ್ಮಿಂಗ್‌ಹ್ಯಾಮ್)

ಕಷ್ಟ ಜಾಸ್ತಿಯಾಗಿದೆ. 2023ರ ಜೂನ್‌ಗೆ ಮುಗಿದ ಒಂದು ವರ್ಷದಲ್ಲಿ, ಹೋದವರನ್ನು ಕಳೆದು, ಸುಮಾರು 9 ಲಕ್ಷ ಜನ ಇಲ್ಲಿಗೆ ಬಂದರು. ಅಷ್ಟು ಜನರಿಗೆ ಮನೆ, ಡಾಕ್ಟರು, ಶಾಲೆ ಸಿದ್ಧ ಇರಲಿಲ್ಲ. ಆಮೇಲೆ ಬಿಗಿ ಮಾಡಿದರು, ಸಂಖ್ಯೆ ತುಂಬಾ ಇಳಿದಿದೆ. 2025ರ ಜುಲೈಯಿಂದ ನುರಿತ ಕೆಲಸದ ವೀಸಾಗೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು. ಓದು ಮುಗಿಸಿದ ಹೊಸಬರಿಗೆ ಸ್ವಲ್ಪ ಕಡಿಮೆ. ಆಸ್ಪತ್ರೆಗೆ ಅಂತ ವೀಸಾ ಜತೆ ಕಟ್ಟುವ ಹಣ ಕೆಲಸದವರಿಗೆ ವರ್ಷಕ್ಕೆ 1,035 ಪೌಂಡ್, ತೆರಿಗೆ ಬೇರೆ. ಕಾಯಂ ನೆಲೆಸಲು ಇದ್ದ 5 ವರ್ಷವನ್ನು 10 ಮಾಡುವ ಪ್ರಸ್ತಾಪವನ್ನು ಗೃಹ ಸಚಿವೆ ಶಬಾನಾ ಮಹಮೂದ್ 2025ರ ನವೆಂಬರ್‌ನಲ್ಲಿ ವಿವರವಾಗಿ ಮುಂದಿಟ್ಟರು. ಅದರಲ್ಲಿ ಸಂಬಳ ಜಾಸ್ತಿ ಇದ್ದವರಿಗೆ ವರ್ಷ ಕಡಿಮೆ. ಪ್ರಮೀಳಾ ಅವರಂಥ ಕೇರ್ ಕೆಲಸದವರಿಗೆ 15 ವರ್ಷ.

ಇದನ್ನು ನಾನು ಒಪ್ಪುವುದಿಲ್ಲ. ಮುಂದೆ ಬರುವವರಿಗೆ ನಿಯಮ ಬಿಗಿ ಮಾಡಲಿ. ಒಂದು ಮಾತು ಕೊಟ್ಟು ಕರೆಸಿಕೊಂಡವರಿಗೆ ನಡುದಾರಿಯಲ್ಲಿ ನಿಯಮ ಬದಲಿಸುವುದು ಸರಿಯಲ್ಲ. ಇಲ್ಲೂ ಕೈಗೆ ಸುಲಭವಾಗಿ ಸಿಕ್ಕವರ ಮೇಲೇ ಭಾರ.

ಸುಮಾ (ಲೀಡ್ಸ್)

ಇದಕ್ಕೆ ನಮ್ಮ ಕೈಯಲ್ಲಿ ಒಂದು ದಾರಿ ಇದೆ, ಎಷ್ಟೋ ಜನರಿಗೆ ಗೊತ್ತಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇದ್ದರೂ, 18 ತುಂಬಿ ಇಲ್ಲಿ ವೀಸಾ ಮೇಲೆ ವಾಸ ಇರುವವರು ವೋಟು ಹಾಕಬಹುದು. ಕೌನ್ಸಿಲ್ ಚುನಾವಣೆಗೂ ಸರಿ, ಪಾರ್ಲಿಮೆಂಟ್ ಚುನಾವಣೆಗೂ ಸರಿ. ಪೌರತ್ವ ಬೇಕಿಲ್ಲ. ಆನ್‌ಲೈನಿನಲ್ಲಿ ಹೆಸರು ಸೇರಿಸಲು ಐದು ನಿಮಿಷ ಸಾಕು. ಕಲಬುರಗಿ ಕಡೆಯಿಂದ ಬಂದ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ಗೆ 2010ರಲ್ಲಿ ಮೇಯರ್ ಆದರು.

ಪ್ರಮೀಳಕ್ಕ, ನಿಮ್ಮ ಎಂ.ಪಿ. ವಾರದ ಕೊನೆಗೆ ಜನರನ್ನು ಭೇಟಿ ಮಾಡುತ್ತಾರೆ, ಮೊದಲೇ ಹೇಳಿ ಹೋಗಬೇಕು. ನೀವು ಇಲ್ಲಿ ಬರೆದದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳೋಣ, ನಾನು ಜತೆಗೆ ಬರುತ್ತೇನೆ.

ಪ್ರಮೀಳಾ (ಮೂಲ ಪುತ್ತೂರು, ಈಗ ಯಾರ್ಕ್‌ಷೈರ್)

ಹೆಸರು ಸೇರಿಸಿಯಾಯಿತು ಸುಮಾ. ಎಂ.ಪಿ. ಭೇಟಿಗೆ ನನ್ನ ಜತೆ ಕೆಲಸ ಮಾಡುವ ಜಿಂಬಾಬ್ವೆಯ ಇಬ್ಬರೂ ಬರುತ್ತಾರಂತೆ, ಅವರದೂ ಇದೇ ಕತೆ. ಶನಿವಾರ ನನಗೆ ಬೆಳಗಿನ ಡ್ಯೂಟಿ, ಎರಡು ಗಂಟೆ ಮೇಲೆ ಸಮಯ ಕೇಳಿ.